ದೊಡ್ಡಮ್ಮನ ಮುದ್ದೆಯ ಪ್ರಾರ್ಥನೆ

ಇವತ್ತು ಸಂಜೆ ರಾಗಿ ಹಿಟ್ಟು ತಳ ಹತ್ತಿದ ವಾಸನೆ ಬಂದಾಗ ನಾನು ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿದ್ದೆ. ಪ್ರಾರ್ಥನೆ ಅಂದರೆ, ನಿಮ್ಮಲ್ಲಿ ಮುಚ್ಚಿಡುವುದೇಕೆ, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಯೋಚನೆ. ಶಿರಾ ಗೇಟಿನ ಟ್ರಾಫಿಕ್ಕು ದಾಟಿ ಕಾಲೇಜಿನಿಂದ ಮನೆ ಸೇರುವ ಹೊತ್ತಿಗೆ ದೇವರಿಗೆ ಕೊಡಲು ನನ್ನಲ್ಲಿ ಆಕಳಿಕೆಯಷ್ಟೇ ಉಳಿದಿರುತ್ತದೆ. ತಿಂಗಳುಗಳಿಂದ ಹೀಗೇ. ಇವತ್ತು ಮುದ್ದೆಯೂ ಹೋಯಿತು.

ಗುಬ್ಬಿಯ ದೊಡ್ಡಮ್ಮನ ಅಡುಗೆಮನೆಯಲ್ಲಿ ಗಡಿಯಾರವೇ ಇರಲಿಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು, ಒಲೆ ಮುಂದೆ ನಿಂತು, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಶುರುವಾಗುವ ಕರ್ತನ ಪ್ರಾರ್ಥನೆಯನ್ನು ಜೋರಾಗಿ ಆರು ಸಲ ಹೇಳುತ್ತಿದ್ದಳು. ಆರನೆಯ ಆಮೆನ್‌ಗೆ ಹಿಟ್ಟು ಬೆಂದಿರುತ್ತಿತ್ತು, ಮುದ್ದೆ ತಿರುವುವ ಕೋಲು ಕೈಗೆ ಬರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವುದು, ಬೆಕ್ಕನ್ನು ಗದರಿಸುವುದು ಎಲ್ಲ ಆ ನಡುವೆಯೇ. ಪರಲೋಕಕ್ಕೂ ಬೆಕ್ಕಿಗೂ ಒಂದೇ ಉಸಿರು.

ಆಗ ನಾನು ಎಂ.ಎ. ಓದುತ್ತಿದ್ದೆ, ರಜೆಗೆ ಅಲ್ಲಿಗೆ ಹೋಗಿದ್ದೆ. ಓದಿದವರ ಕಾಯಿಲೆ ನನಗೂ ಇತ್ತು. "ಇದೇನ್ ದೊಡ್ಡಮ್ಮ, ಪ್ರಾರ್ಥನೆನಾ, ಅಲಾರಮ್ಮಾ? ದೇವ್ರ ಮೇಲೆ ಗಮನ ಇದ್ರೆ ಬೆಕ್ಕು ಹೆಂಗ್ ಕಾಣ್ತು?" ಅಂದೆ. ನಗುನಗುತ್ತಲೇ ಅಂದೆ ಎಂದು ನೆನಪು. ನೆನಪನ್ನು ನಂಬುವಂತಿಲ್ಲ. ಆ ದಿನದ ಡೈರಿಯಲ್ಲಿ, "ದೊಡ್ಡಮ್ಮನಿಗೆ ಪ್ರಾರ್ಥನೆ ಎಂದರೇನೆಂದು ವಿವರಿಸಿದೆ" ಎಂದಿದೆ. ವಿವರಿಸಿದೆನಂತೆ!

ಮಾರನೆಯ ದಿನದಿಂದ ದೊಡ್ಡಮ್ಮ ಒಲೆ ಮುಂದೆ ತುಟಿ ಬಿಚ್ಚಲಿಲ್ಲ. ಮುದ್ದೆ ಗಂಟುಗಂಟಾಯಿತು. ದೊಡ್ಡಪ್ಪ ಒಂದು ಗಂಟನ್ನು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮೀ ಇದು, ಉಣ್ಣಾಕೋ, ಗೋಲಿ ಆಡಾಕೋ?" ಅಂದರು.

"ಮಿಲ್ನವ್ನು ಸರ್ಯಾಗ್ ಬೀಸಿಲ್ಲ, ಸುಮ್ನೆ ಉಣ್ಣಿ" ಎಂದು ಅವಳು ನನ್ನ ಕಡೆ ನೋಡದೆ ಸಾರು ಬಡಿಸಿದಳು. ನಾನೂ ಸುಮ್ಮನೆ ನುಂಗಿದೆ.

ನಾನು ಹೊರಟ ದಿನ ದೊಡ್ಡಮ್ಮ ಬಾಗಿಲಲ್ಲಿ ನಿಂತು, "ನೀನ್ ಹೇಳ್ದಂಗೆ ರೂಮ್ನಾಗೆ ಕಣ್ಮುಚ್ಕಂಡು ಕೂತಿದ್ದೆ ಕಣೇ, ಎಂಟ್ ದಿನ. ಒಂದ್ ಮಾತೂ ಬರ್ಲಿಲ್ಲ. ದೇವ್ರು ಮನೆ ಬುಟ್ಟು ಹೋದಂಗಾಯ್ತು" ಅಂದಳು ಮೆಲ್ಲಗೆ. ನಾನು ಕ್ಷಮೆ ಕೇಳಿದೆನೇ? ಕೇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಬಸ್ಸು ಬಂತು, ಹತ್ತಿದೆ.

ಆಮೇಲೂ ಎಷ್ಟೋ ಸಲ ಹೋದೆ. ಅಡುಗೆಮನೆ ಮೌನವಾಗಿಯೇ ಇರುತ್ತಿತ್ತು. ಅವಳ ಬಾಯಿಂದ ಪ್ರಾರ್ಥನೆಯನ್ನು ನಾನೇ ಕಿತ್ತುಕೊಂಡೆನೇ ಎಂದು ಕೇಳುವ ಧೈರ್ಯ ಅವಳು ಬದುಕಿರುವ ತನಕ ಬರಲಿಲ್ಲ. ಇವತ್ತು ಸೀದ ಪಾತ್ರೆಗೆ ನೀರು ತುಂಬಿಟ್ಟು, ಕುಣಿಗಲ್ಲಿನಲ್ಲಿರುವ ಅವಳ ಮಗಳಿಗೆ, ನನ್ನ ಅಕ್ಕನಿಗೆ, ಫೋನ್ ಮಾಡಿ ಕೇಳಿಯೇ ಬಿಟ್ಟೆ.

"ಅಯ್ಯೋ, ಬುಟ್ಟಿದ್ದು ಆ ಎಂಟೇ ದಿನ ಕಣೇ. ನೀನ್ ಬಸ್ ಹತ್ತಿದ್ ಸಂಜೆನೇ ಶುರು ಹಚ್ಕಂಡ್ಳು. ನೀನ್ ಬಂದಾಗ ಮಾತ್ರ ಮನಸ್ನಾಗೇ ಹೇಳ್ಕಳೋಳು, ಎಲ್ಲಿ ನಗ್ತೀಯೋ ಅಂತ." ಅಕ್ಕ ನಕ್ಕಳು. "ಪ್ರಾರ್ಥನೆ ಕೊನೇಗೆ ನಿನ್ ಹೆಸ್ರು ಬೇರೆ ಸೇರಿಸ್ಕಂಡಿದ್ಳು. 'ಓದಿರೋ ಹುಡ್ಗಿ, ತಲೆ ಕೆಡಿಸ್ಕಳ್ದಂಗೆ ನೋಡ್ಕಳಪ್ಪ ಯೇಸಪ್ಪ' ಅಂತ. ಅವತ್ತಿಂದ ನಮ್ಮನೆ ಮುದ್ದೆ ಒಂಚೂರು ಜಾಸ್ತಿನೇ ಬೇಯ್ತಿತ್ತು."

ಆಮೇಲೆ ಅಕ್ಕ ತನ್ನ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದೆಲ್ಲ ಹೇಳಿ ಫೋನಿಟ್ಟಳು.

ಪಾತ್ರೆ ಉಜ್ಜತೊಡಗಿದೆ. ಉಜ್ಜುತ್ತಲೇ, ಕಣ್ಣು ಬಿಟ್ಟುಕೊಂಡೇ, ಅಕ್ಕನ ಮೊಣಕಾಲಿನ ವಿಷಯ ದೇವರಿಗೆ ಹೇಳಿದೆ, ಜೋರಾಗಿ. ಅದಾದ ಮೇಲೆ ಮತ್ತೇನೂ ತೋಚಲಿಲ್ಲ. ಆಮೆನ್ ಅಂದೆ.