ಬನ್ನಿ ಗಿಡದ ಬುಡದ ಹಸಿ

ಅಂಗಳದ ಹುಲ್ಲು ಕಿತ್ತು ಹೊಲದ ಬದುವಿನ ಗಿಡ ಹಚ್ಚಿದರೆ ಏನೇನು ಕೆಡಬಹುದೆಂದು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆ. ಪೊದೆಯಲ್ಲಿ ಹಾವು ಸೇರಬಹುದು. ಕವಳಿ ಗಿಡದ ಮುಳ್ಳು ಬಂದುಹೋಗುವವರ ಧೋತರ ಹರಿಯಬಹುದು. ಎಮ್ಮೆ ನುಗ್ಗಬಹುದು, ನುಗ್ಗಿದ ಎಮ್ಮೆ ಏನೂ ತಿನ್ನದೆ ಮುಖ ತಿರುಗಿಸಿ ಹೋದರೆ ಅದು ಇನ್ನೂ ಅವಮಾನ. ತಂಗಡಿ ಹೂವಿನಿಂದ ನನಗೆ ಸೀನು ಹತ್ತಬಹುದು. ಬೀಗರು ಬಂದವರು, ಈ ಮನೆಯಲ್ಲಿ ಯಾರೂ ವಾಸವಿಲ್ಲವೆಂದು ಗೇಟಿನಿಂದಲೇ ತಿರುಗಿಬಿಡಬಹುದು. ಕೊನೆಗೆ ಗಿಡವೂ ಸತ್ತು, ಹುಲ್ಲೂ ಹೋಗಿ, ಬಯಲಾದ ಅಂಗಳದಲ್ಲಿ ಓಣಿಯವರೆಲ್ಲ ಸ್ಕೂಟರ್ ನಿಲ್ಲಿಸಬಹುದು.

ಇದು ಎರಡು ಸಾವಿರದ ಆಸುಪಾಸಿನ ಮಾತು. ಬೈರಿದೇವರಕೊಪ್ಪದಲ್ಲಿ ಮನೆ ಕಟ್ಟಿಸಿ ಕೆಲವು ವರ್ಷಗಳಾಗಿದ್ದವು. ನಳದ ನೀರು ಎಂಟು ಹತ್ತು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಅದೂ ನಿಂತು ಟ್ಯಾಂಕರ್ ಬರುತ್ತಿತ್ತು. ರಸ್ತೆಯ ಆ ತುದಿಯ ಕೆಲವು ಮನೆಯವರು ಪೈಪು ಹಚ್ಚಿ ನೆಲದೊಳಗಿನ ಟಾಕಿಯನ್ನೇ ತುಂಬಿಸಿಕೊಳ್ಳುತ್ತಿದ್ದರು. ಈ ತುದಿಯ ನಮ್ಮ ಮನೆ ಮುಟ್ಟುವಷ್ಟರಲ್ಲಿ ಉಳಿದದ್ದು ಕೊಡದಲ್ಲಿ ಹಂಚುವಷ್ಟೇ. ಟ್ಯಾಂಕರ್ ಬರುವುದು ನಾನು ಧಾರವಾಡದ ಆಫೀಸಿನಲ್ಲಿರುವ ಹೊತ್ತಿಗೆ. ಆ ಹೊತ್ತನ್ನು ನಾನು ಆರಿಸಿದ್ದಲ್ಲ. ಬದಲಿಸಬೇಕೆಂದು ಒದ್ದಾಡಿದ್ದೂ ಇಲ್ಲ. ಕೊಡ ಹೊತ್ತೂ ಹೊತ್ತೂ ಹೆಂಡತಿಯ ಸೊಂಟ ಹಿಡಿಯಿತು. ಇನ್ನು ಅವರು ಭಾರ ಎತ್ತಲೇಬಾರದು ಎಂದರು ಡಾಕ್ಟರು. ನಾನು ಜೋರಾಗಿ ತಲೆಯಾಡಿಸಿದೆ. ಹಾಗಾದರೆ ಎತ್ತುವವರು ಯಾರೆಂದು ಪುಣ್ಯಕ್ಕೆ ಅವರು ಕೇಳಲಿಲ್ಲ.

ಅದೇ ವರ್ಷ ನಮ್ಮ ಕಾಲೊನಿಯ ಸಂಘ ಒಂದು ನಿಯಮ ಮಾಡಿತು. ಅಂಗಳದ ಗಿಡಗಳಿಗೆ ನಳದ ನೀರು ಹಾಕುವಂತಿಲ್ಲ; ಪಾತ್ರೆ ತೊಳೆದ ನೀರು ಹಾಕಬಹುದು. ಹುಲ್ಲು ಕಿತ್ತು, ನಮ್ಮ ಸೀಮೆಯ ಬರ ತಡೆಯುವ ಗಿಡ ಹಚ್ಚಿದವರಿಗೆ ಸಸಿ ಪುಕ್ಕಟೆ. ಆ ಗಿಡ ಒಂದು ಬೇಸಿಗೆ ದಾಟಿದರೆ, ಮುಂದಿನ ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಅವರ ಮನೆಗೆ.

ನನಗೆ ಆ ಹುಲ್ಲಿನ ಮೇಲೆ ಜೀವ. ಹಳದಿಯಾದರೆ ನನಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಒಂದೇ ಮಾತು ಹೇಳಿದಳು: "ಹುಲ್ಲಿಗೆ ಸೊಂಟ ಇರೂದಿಲ್ರಿ. ನನಗೈತಿ. ಕಿತ್ತು ಹಾಕ್ರಿ."

ಕಿತ್ತೆ. ಸಂಘದವರು ಮುಗದ ಊರಿನ ಹೊಲದ ಬದುವಿನಿಂದ ತರಿಸಿದ್ದ ಲಕ್ಕಿ, ಕವಳಿ, ತಂಗಡಿ ಹಚ್ಚಿದೆವು. ಮೂಲೆಯಲ್ಲಿ ತಾನಾಗಿ ಚಿಗುರುತ್ತಿದ್ದ ಬನ್ನಿಯನ್ನು ಹುಲ್ಲಿಗೆ ನೆರಳಾದೀತೆಂದು ನಾನು ವರ್ಷವರ್ಷವೂ ಕತ್ತರಿಸುತ್ತಿದ್ದೆ. ಈಗ ಬೆಳೆಯಲು ಬಿಟ್ಟೆ. ಬೇಸಿಗೆ ಬಂತು, ಹೋಯಿತು. ಒಂದು ಗಿಡವೂ ಸಾಯಲಿಲ್ಲ. ಬನ್ನಿಯಂತೂ ತಲೆಯೆತ್ತರ ಬೆಳೆದು ನಿಂತಿತು.

ಸಂಘದ ಕಾರ್ಯದರ್ಶಿ ನಿವೃತ್ತ ಡ್ರಿಲ್ ಮಾಸ್ತರು. ದಸರೆಯ ಹೊತ್ತಿಗೆ ಮನೆಮನೆಯ ಅಂಗಳ ನೋಡಿ ಟ್ಯಾಂಕರಿನ ಪಾಳಿ ಗೊತ್ತುಮಾಡುವವರು ಅವರೇ. ನಮ್ಮ ಕಡೆ ನವರಾತ್ರಿಯಲ್ಲಿ ಹೆಂಗಸರು ನಸುಕಿನಲ್ಲೇ ಎದ್ದು ಬನ್ನಿ ಗಿಡಕ್ಕೆ ನೀರು ಹಾಕಿ, ಸುತ್ತು ಬಂದು, ಕೈಮುಗಿಯುತ್ತಾರೆ. ಕಾಲೊನಿಯವರು ಅದಕ್ಕಾಗಿ ದೂರದ ಗುಡಿಯವರೆಗೆ ನಡೆಯುತ್ತಿದ್ದರು. ಆ ವರ್ಷ ಯಾರೋ ನಮ್ಮ ಕಂಪೌಂಡಿನ ಬನ್ನಿ ನೋಡಿದರು. ಮರುದಿನ ನಸುಕಿನಲ್ಲಿ ಗೇಟಿನ ಮುಂದೆ ತಂಬಿಗೆ ಹಿಡಿದವರ ಸಾಲು. ಎದುರುಮನೆಯ ಅಜ್ಜಿಗೆ ತಂಬಿಗೆ ಸಾಲದು. ಪುಟ್ಟ ಕೊಡವನ್ನೇ ತರುತ್ತಿದ್ದಳು. ತಡೆದರೆ ದೇವಿಯ ಸಿಟ್ಟು, ತಡೆಯದಿದ್ದರೆ ಮಾಸ್ತರರ ಸಿಟ್ಟು. ನಾನು ಕಿಟಕಿಯಲ್ಲಿ ನಿಂತು ಇಬ್ಬರಿಗೂ ಹೆದರಿದೆ. ನೋಡಿದರೆ ಸಾಲಿನಲ್ಲಿ ಹೆಂಡತಿಯೂ ಇದ್ದಾಳೆ. ಕೇಳಿದರೆ, ಮನೆಯ ಗಿಡಕ್ಕೆ ತಾನೊಬ್ಬಳೇ ಹಾಕದಿದ್ದರೆ ಹೇಗೆ ಎಂದು ನನ್ನನ್ನೇ ಕೇಳಿದಳು.

ಹಬ್ಬದ ನಡುವೆಯೇ ಮಾಸ್ತರರು ಬಂದರು. ಲಕ್ಕಿ ನೋಡಿ ತಲೆದೂಗಿದರು, ತಂಗಡಿಯ ಹಳದಿ ಹೂ ನೋಡಿ ನಕ್ಕರು. ಬನ್ನಿಯ ಬುಡದಲ್ಲಿ ಛತ್ರಿಯ ತುದಿ ಊರಿದರು. ಅದು ಮೆತ್ತಗೆ ಒಳಗಿಳಿಯಿತು. ಎಳೆದರೆ ಕಪ್ಪು ರಾಡಿ.

"ನಳದ ನೀರೇನ್ರಿ ಇದು?"

ನಾನು ಆ ವರ್ಷದ ಮಳೆಯ ವಿಚಾರ ತೆಗೆದೆ. ಹೆಂಡತಿ ನಡುವೆ ಬಾಯಿ ಹಾಕಿದಳು. "ನಳದ್ದರಿ ಮಾಸ್ತರ. ಮುಂಜಾನೆ ನಿಮ್ಮ ಮನಿಯವ್ರೂ ಒಂದು ತಂಬಗಿ ಹಾಕಿ ಹೋದ್ರಲ್ರಿ."

ಮಾಸ್ತರರು ಬಹಳ ಹೊತ್ತು ಛತ್ರಿಯ ತುದಿ ಒರೆಸಿದರು. "ಗಿಡಾ ಬದುಕ್ಯಾವ, ಖರೇ. ಆದ್ರ ಹಸೀನೂ ಖರೇ ಐತ್ರಿ ಅಕ್ಕಾರ. ಮೊದಲ್ನೇ ಪಾಳಿ ಕೊಡಾಕ ಬರೂದಿಲ್ಲ. ಎರಡ್ನೇದು ತಗೋರಿ."

ನಾನು ಆ ರಾತ್ರಿ ಮಲಗಲಿಲ್ಲ. ಎರಡನೆಯದಕ್ಕೆ ಟ್ಯಾಂಕರಿನಲ್ಲಿ ಎಷ್ಟು ಉಳಿದೀತು ಎಂದು ಹೊರಳಾಡಿದೆ. ಹೆಂಡತಿ ಮಾತ್ರ, ಎರಡನೇ ಪಾಳಿಗೂ ಪೈಪು ಹತ್ತುತ್ತದೆ ಎಂದು ಹೇಳಿ ನಿದ್ದೆ ಹೋದಳು. ಅವಳು ಹೇಳಿದಂತೆಯೇ ಆಯಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಟಾಕಿ ಪೈಪಿನಿಂದಲೇ ತುಂಬಿತು, ಅವಳು ಒಂದು ಕೊಡವನ್ನೂ ಎತ್ತಲಿಲ್ಲ.

ಕೆಟ್ಟದ್ದೆಂದರೆ ಇಷ್ಟೇ: ಮೊದಲನೇ ಪಾಳಿ ಎದುರುಮನೆಯ ಅಜ್ಜಿಗೆ ಹೋಯಿತು. ಅವಳು ಹಚ್ಚಿದ ಗಿಡಗಳೂ ಬೇಸಿಗೆ ದಾಟಿದ್ದವು, ಅಂಗಳ ಮಾತ್ರ ಒಂದು ಹನಿ ಹಸಿಯಿಲ್ಲದೆ ಒಣಗಿ ನಿಂತಿತ್ತು; ತನ್ನ ಪಾಲಿನ ನೀರನ್ನೆಲ್ಲ ಅವಳು ನಮ್ಮ ಬನ್ನಿಗೆ ತಂದು ಸುರಿದಿದ್ದಳು.