ಬಲಸುತ್ತಿನ ಮನೆಯವಳು

ಇವಳ ಮುತ್ತಜ್ಜ ಕುದುರೆಗೆ ಲಾಳ ಹೊಡೆಯುತ್ತಿದ್ದವನು. ಪುಂಡ ಕುದುರೆಯೊಂದು ಒದ್ದು ಅವನ ಒಂದು ಕಣ್ಣು ಹೋಯಿತು. ಗಾಯ ಮಾಯುವ ಮೊದಲೇ ಎದ್ದು ಬಂದು, ಅದೇ ಕುದುರೆಯ ಅದೇ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಳಿದ ಮೊಳೆಗಳನ್ನು ಹೊಡೆದು ಮುಗಿಸಿದ. ಅವನ ಮಗ, ಅಂದರೆ ಇವಳ ಅಜ್ಜ, ಜಾತ್ರೆಗಳಲ್ಲಿ ಹಲಗೆಯ ಮರಣಬಾವಿಯ ಗೋಡೆ ಮೇಲೆ ಮೋಟರ್ ಸೈಕಲ್ ಸುತ್ತಿಸಿ ಮನೆಮಂದಿಯ ಹೊಟ್ಟೆ ತುಂಬಿಸಿದ. ಅವನದು ಯಾವಾಗಲೂ ಬಲಸುತ್ತು, ಗಡಿಯಾರದ ಮುಳ್ಳು ತಿರುಗುವ ಹಾಗೆ. ಎಡಕ್ಕೆ ಸುತ್ತಿದರೆ ತಲೆ ಗಿರ್ರೆನ್ನುತ್ತದೆ ಎನ್ನುತ್ತಿದ್ದ. ಇವಳ ಅಪ್ಪ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಹೆಸರು ಮಾಡಿದ. ಅದೂ ಬಲಸುತ್ತಿನದೇ. ಅದರ ಮೂರನೇ ತಿರುವಿನಲ್ಲೇ ಸತ್ತ. ನನ್ನ ಗೆಳೆಯ ಅವನು. ಎತ್ತಿದವರಲ್ಲಿ ನಾನೂ ಒಬ್ಬ. ಕೈಗವಸು ಬಿಚ್ಚಲು ಬರಲಿಲ್ಲ, ಮುಷ್ಟಿ ಅಷ್ಟು ಬಿಗಿದಿತ್ತು.

ಇಂಥ ಮನೆಯಲ್ಲಿ ಹುಟ್ಟಿದವಳು ಇವಳು. ಚಿಕ್ಕಂದಿನಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲವೆಂದು ಬುಗುರಿ ಎಂದು ಕರೆದೆವು. ಈಗ ತಲೆ ಅರ್ಧ ನರೆತಿದೆ, ಹೆಸರು ಮಾತ್ರ ಬುಗುರಿಯೇ. ತಮ್ಮನ ಜೊತೆ ಬೈಕ್ ರಿಪೇರಿ ಅಂಗಡಿ ನಡೆಸುತ್ತಾಳೆ. ಗೋಡೆಯ ಈಚೆ ನನ್ನ ಲೇತ್ ಯಂತ್ರ. ಆ ಅಂಗಡಿಯ ಜಗಳ, ನಗು ಎರಡಕ್ಕೂ ನನ್ನ ಕಿವಿ ಪಾಲುದಾರ.

ಹೋದ ವರ್ಷ ಅವಳ ಎಡಗಣ್ಣಿನ ಅಂಚಿನಿಂದ ಕತ್ತಲು ಒಳಗೆ ನುಗ್ಗತೊಡಗಿತು. ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಇನ್ನೊಂದು ಕಣ್ಣೂ ಇದರ ಹಿಂದೆಯೇ ಹೊರಡಬಹುದು ಎಂದರು ಡಾಕ್ಟರು. ಕಣ್ಣಲ್ಲಿ ಬೆಳಕಿರುವಾಗಲೇ ಒಮ್ಮೆ ಮನಸಾರೆ ಗಾಡಿ ಓಡಿಸಿಬಿಡಬೇಕು ಎಂದು ಹಟ ಹಿಡಿದಳು. ಹಳೆಯ ಟ್ರ್ಯಾಕಾಗಿದ್ದರೆ ಕಣ್ಣು ಕಟ್ಟಿಕೊಂಡೂ ಸುತ್ತಿ ಬರುತ್ತಿದ್ದಳು. ಅದನ್ನು ಅಗೆದು ಗೋದಾಮು ಕಟ್ಟಿದ್ದಾರೆ. ಉಳಿದದ್ದು ದೂರದ ಇನ್ನೊಂದು, ಇವರ ಕಡೆಯವರು ಯಾರೂ ಕಾಲಿಡದ್ದು. ಯಾರು ಬೇಕಾದರೂ ತಮ್ಮ ಬೈಕ್ ತಂದು ಓಡಿಸಲು ಅಲ್ಲಿ ಒಂದು ದಿನ ಬಿಟ್ಟುಕೊಡುತ್ತಾರೆಂದು ತಿಳಿದು ಹೆಸರು ಕೊಟ್ಟಳು.

ತಮ್ಮ ಎಲ್ಲಿಂದಲೋ ಆ ಟ್ರ್ಯಾಕಿನ ಚಿತ್ರ ತಂದ. ಅಂಗೈಯಗಲದ್ದು, ಬರೀ ಗೆರೆ. ಅದನ್ನು ನೋಡಿಕೊಂಡು ಅಂಗಡಿಯ ನೆಲದ ತುಂಬ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದ. ಸಂಜೆ ಶಟರ್ ಎಳೆದ ಮೇಲೆ ಅವಳು ಆ ಗೆರೆಯ ಮೇಲೆ ಬರಿಗಾಲಲ್ಲಿ, ಕಣ್ಣು ಮುಚ್ಚಿ ನಡೆಯುವಳು. ಇಲ್ಲಿ ಬ್ರೇಕು, ಇಲ್ಲಿ ಗೇರು, ಇಲ್ಲಿ ಮೈ ವಾಲಿಸು ಎಂದು ಬಾಯಲ್ಲೇ ಹೇಳಿಕೊಳ್ಳುವಳು. ಹೆಚ್ಚಿನ ತಿರುವುಗಳೆಲ್ಲ ಬಲಕ್ಕೆ ಬಂದವು. ತಿರುವಿನಲ್ಲಿ ಹೋಗಬೇಕಾದ ಕಡೆಗೆ ಮೊದಲು ಕಣ್ಣು ಹೋಗಬೇಕು, ಅವಳ ಬಲಗಣ್ಣು ಗಟ್ಟಿಯಿತ್ತು. ತಮ್ಮನ ಜೀವ ಹಿಡಿದಿದ್ದದ್ದು ಆ ಒಂದು ಎಳೆಯಲ್ಲಿ.

ಗಾಡಿಯನ್ನೂ ಸಜ್ಜು ಮಾಡಿದರು. ಬಿದ್ದರೆ ಚೂರು ಚೆಲ್ಲದಂತೆ ದೀಪದ ಗಾಜಿಗೆ ಟೇಪ್ ಸುತ್ತಿ, ಸಡಿಲಾಗದಂತೆ ಆಯಿಲ್ ಬೋಲ್ಟಿಗೆ ತಂತಿ ಬಿಗಿದು, ಕೊನೆಗೆ ಕನ್ನಡಿಗಳಿಗೆ ಕೈ ಹಾಕಿದರು.

"ಎಡಗಡೇದು ನಾನು ಬಿಚ್ತೀನಿ, ನೀನು ಬಿಡಕ್ಕ," ಎಂದ ತಮ್ಮ.

"ಯಾಕೋ? ಅದರ ಮುಖ ನೋಡಿ ಎಷ್ಟು ದಿನ ಆಯ್ತು. ನಾನೇ ಕಳಿಸಿಕೊಡ್ತೀನಿ."

"ಎಲ್ಲಾದಕ್ಕೂ ನಿಂಗೆ ತಮಾಷೆ."

"ಅಲ್ಲಿ ಯಾರ ಗಾಡಿಗೂ ಕನ್ನಡಿ ಇರಲ್ಲ ಕಣೋ. ಹಿಂದೆ ಯಾರು ಬರ್ತಿದಾರೆ ಅಂತ ಎಲ್ಲರೂ ಕುರುಡರೇ. ನಾನು ಸ್ವಲ್ಪ ಸೀನಿಯರ್ರು, ಅಷ್ಟೇ."

ತಮ್ಮ ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಹೋಗಿ ಬೀದಿ ನೋಡುತ್ತಾ ನಿಂತ.

ಆ ದಿನ ಬೆಳಿಗ್ಗೆ ಅವಳದೊಂದು, ತಮ್ಮನದೊಂದು, ಎರಡು ಬೈಕುಗಳನ್ನು ವ್ಯಾನಿಗೇರಿಸಿಕೊಂಡು ಮೂವರೂ ಹೋದೆವು. ತಗಡಿನ ಸೂರು, ಎಣ್ಣೆ ಕುಡಿದು ಕಪ್ಪಾದ ಸಿಮೆಂಟ್ ನೆಲ. ಅಲ್ಲಿ ಬಾವುಟ ಬೀಸುವವನು ಎಲ್ಲರನ್ನೂ ಸೇರಿಸಿ ದಾರಿ ಹೇಳತೊಡಗಿದ. "ನೆಟ್ಟಗೆ ಹೋಗ್ತೀರಿ, ಮೊದಲನೇ ತಿರುವು ಎಡಕ್ಕೆ. ಆಮೇಲೆ ಮತ್ತೆ ಎಡಕ್ಕೆ."

ಬುಗುರಿ ತಲೆಯೆತ್ತಿದಳು. "ಎಡಕ್ಕಾ?"

"ಎಡಕ್ಕೇ ಅಮ್ಮ. ಇದು ಎಡಸುತ್ತು. ಕಟ್ಟಿದಾಗಿಂದ ಹಿಂಗೇ."

ಚಿತ್ರದಲ್ಲಿ ಬಾಣದ ಗುರುತಿರಲಿಲ್ಲ. ಯಾವ ಕಡೆಗೆ ಎಂದು ಯಾರನ್ನಾದರೂ ಕೇಳಬೇಕೆಂದು ಆ ಮನೆಯವರಿಗೆ ಹೊಳೆಯಲೇ ಇಲ್ಲ. ಮೂರು ತಲೆಮಾರು ಬಲಕ್ಕೇ ಸುತ್ತಿದ ರಕ್ತ, ಸುತ್ತು ಎಂದರೆ ಅವರಿಗೆ ಅದೊಂದೇ. ನೆಲದ ಮೇಲೆ ನಡೆದು ಕಲಿತದ್ದಷ್ಟೂ ತಿರುಗುಮುರುಗಾಯಿತು. ಅದಾದರೂ ಹೋಗಲಿ, ಈಗ ಹೆಚ್ಚಿನ ತಿರುವುಗಳೆಲ್ಲ ಅವಳ ಎಡಗಣ್ಣನ್ನೇ ಕೇಳುತ್ತಿದ್ದವು. ತಮ್ಮನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

ಅವಳು ಹೆಲ್ಮೆಟ್ ಹಾಕಿಕೊಂಡು ಗಾಡಿಯ ಮೇಲೆ ಕೂತಳು. ಮುಂದೆ ಬಾಗಿ ಹ್ಯಾಂಡಲ್ ಹಿಡಿದು, "ಚಿಕ್ಕಪ್ಪ, ನನ್ನ ಎಡಗಡೆ ಬಂದು ಒಂಚೂರು ನಿಂತ್ಕೊಳ್ಳಿ," ಎಂದಳು.

ನಿಂತೆ. ಅವಳ ಭುಜ ಮುಟ್ಟುವಷ್ಟು ಹತ್ತಿರ ನಿಂತು ಕೈಯೆತ್ತಿ ಆಡಿಸಿದೆ.

"ಬಂದ್ರಾ ಚಿಕ್ಕಪ್ಪ?" ಎಂದು ಕೇಳಿದಳು.

ಎತ್ತಿದ ಕೈ ಇಳಿಸಿದೆ. "ಬಂದಿದೀನಿ ಕಣವ್ವ," ಎಂದೆ.

"ಹ್ಞೂಂ," ಎಂದಳು. ಆಮೇಲೆ ಕತ್ತನ್ನು ಪೂರಾ ತಿರುಗಿಸಿ, ಬಲಗಣ್ಣನ್ನು ಎಡಕ್ಕೆ ತಂದು, ನನ್ನನ್ನು ಕಂಡಳು. ಹಾಗೆ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಓಡುವ ಗಾಡಿಯ ಮೇಲೆ ಅಷ್ಟು ಪುರುಸೊತ್ತು ಇರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು.

"ಮನೆಗೆ ಹೋಗೋಣಕ್ಕ," ಎಂದ ತಮ್ಮ. "ಅಪ್ಪನ್ನ ಟ್ರ್ಯಾಕಿಂದ ಹೊತ್ತು ತಂದಿದ್ದು ಸಾಲದಾ?"

ಅವಳು ಗವಸಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಉಳಿದವರ ಗಾಡಿಗಳು ಒಂದೊಂದಾಗಿ ಗುಡುಗತೊಡಗಿದವು. "ಎಲ್ಲರೂ ಮೊದಲು ಹೋಗ್ಲಿ. ಇನ್ನೊಬ್ಬರ ಕಾಲು ಮುರಿಯೋದು ನಂಗೆ ಬೇಡ. ನಾನು ಕೊನೆಗೆ, ನಿಧಾನಕ್ಕೆ," ಎಂದಳು.

ತಮ್ಮ ವ್ಯಾನಿಗೆ ಓಡಿಹೋಗಿ ಕೈ ಒರೆಸುವ ಕೆಂಪು ಬಟ್ಟೆ ತಂದ. ಅದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾ ಅವಳ ಗಾಡಿಗೆ ಅಡ್ಡ ನಿಂತ. "ಹಂಗಾದ್ರೆ ನಾನು ಮುಂದೆ ಹೋಗ್ತೀನಿ. ನೀನು ಏನೂ ನೋಡ್ಬೇಡ, ಈ ಬಟ್ಟೆ ಒಂದನ್ನೇ ನೋಡ್ಕೊಂಡು ಹಿಂದೆ ಬಾ. ಇದೊಂದು ಮಾತು ಕೇಳಕ್ಕ."

ಅವಳು ಬಟ್ಟೆಯನ್ನೂ ಅವನನ್ನೂ ನೋಡಿದಳು.

"ಬೇಡ ಕಣೋ. ಇರೋ ಒಂದು ಕಣ್ಣಲ್ಲಿ ನಿನ್ನ ಬೆನ್ನು ನೋಡ್ಕೊಂಡು ಬರಕ್ಕೆ ಇಷ್ಟು ದೂರ ಬರಬೇಕಿತ್ತಾ? ನಾನು ದಾರಿ ನೋಡಕ್ಕೆ ಬಂದಿದೀನಿ. ಆ ಬಟ್ಟೆ ಬಿಚ್ಚು. ಪಕ್ಕಕ್ಕೆ ಸರಿ. ಆ ಕಡೆ ಅಲ್ಲ, ಬಲಗಡೆ ನಿಂತ್ಕೊ, ನಂಗೆ ಕಾಣೋ ಕಡೆ."