ಕರೆಂಟಿಲ್ಲ ಎಂದ ಕೊಂಡಪ್ಪ

ಬೂದಿಗೆರೆ ದಾಟಿ ಒಳದಾರಿ ಹಿಡಿದರೆ ಸಿಗುವ ಹಳ್ಳಿಗಳಲ್ಲಿ ಒಂದರಲ್ಲಿ ಕೊಂಡಪ್ಪನ ಕಟಿಂಗ್ ಶಾಪ್ ಇತ್ತು. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಇದು ಆ ಒಂದೇ ಊರಿನ ಕಥೆಯಾಗಿಬಿಡುತ್ತದೆ.

ಕೊಂಡಪ್ಪನ ಅಪ್ಪ ಹೆಗಲಿಗೆ ಕತ್ತಿ ಕತ್ತರಿಗಳ ಹಡಪ ಹಾಕಿಕೊಂಡು ಜಗಲಿಯಿಂದ ಜಗಲಿಗೆ ಹೋಗಿ ಕ್ಷೌರ ಮಾಡಿ, ಸುಗ್ಗಿಯಲ್ಲಿ ರಾಗಿ ಈಸಿಕೊಂಡು ಬದುಕಿದವನು. ಮಗ ಹಾಗಾಗಬಾರದೆಂದು ಯಲಹಂಕದ ನೆಂಟರ ಅಂಗಡಿಗೆ ಕಳಿಸಿದ. ಕೊಂಡಪ್ಪ ಕೆಲಸ ಕಲಿತು, ಮದುವೆಯಾಗಿ ಊರಿಗೆ ಮರಳಿದ. ಹಾಲಿನ ಡೇರಿಯ ಪಕ್ಕ ಅಪ್ಪಯ್ಯಣ್ಣನ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು, ತಿರುಗುವ ಕುರ್ಚಿ ಹಾಕಿಸಿದ, ಗೋಡೆಯುದ್ದಕ್ಕೂ ಕನ್ನಡಿ ಹಾಕಿಸಿದ. ಸುತ್ತ ಲೇಔಟುಗಳಾದ ಮೇಲೆ ಹೊಸ ಹುಡುಗರು ಬಂದು ಫೋನಿನಲ್ಲಿ ಫೋಟೋ ತೋರಿಸಿ ಹೀಗೇ ಬೇಕು ಎನ್ನುತ್ತಿದ್ದರು. ಅದನ್ನೂ ಕಲಿತ. ಅವನ ಕೈ ಚೆನ್ನಾಗಿತ್ತು. ತನ್ನ ಕಸುಬಿನ ಹಳೆಯ ಹೆಸರನ್ನು ಹಿಡಿದು ಯಾರಾದರೂ ಕರೆದರೆ ಅವನ ಮುಖ ಕಪ್ಪಿಡುತ್ತಿತ್ತು. ಒಮ್ಮೆ ಒಬ್ಬ ಪಡ್ಡೆ ಹುಡುಗ ಹಾಗೆ ಕರೆದಾಗ ಅರ್ಧ ಕತ್ತರಿಸಿದ ತಲೆಯಲ್ಲೇ ಅವನನ್ನು ಕುರ್ಚಿಯಿಂದ ಎಬ್ಬಿಸಿದ್ದ. ಮರ್ಯಾದೆಯ ವಿಷಯದಲ್ಲಿ ಕೊಂಡಪ್ಪ ಅಂಥವನು.

ಮಳಿಗೆಯ ಬೀಗದ ಕೈ ಕೊಡುವಾಗ ಅಪ್ಪಯ್ಯಣ್ಣ ಒಂದೇ ಮಾತು ಹೇಳಿದ್ದ. "ಊರಿನ ರೀತಿ ನಿಂಗೆ ಗೊತ್ತಲ್ಲ ಕೊಂಡಪ್ಪ."

ಗೊತ್ತಿತ್ತು. ಕೆರೆಯ ಕೋಡಿ ದಾಟಿದರೆ ದಲಿತರ ಕಾಲೋನಿ. ಅಪ್ಪನ ಹಡಪ ಕೋಡಿ ದಾಟಿ ಆಚೆ ಹೋಗಿರಲಿಲ್ಲ. ಈಗ ಅಂಗಡಿಯಾಯಿತು, ಕನ್ನಡಿಯಾಯಿತು, ಕುರ್ಚಿ ಮಾತ್ರ ಕೋಡಿಯ ಈಚೆಯವರಿಗೇ ಉಳಿಯಿತು. ಕಾಲೋನಿಯವರು ಬಂದರೆ ಇಲ್ಲ ಎಂದು ಅವನು ಎಂದೂ ಹೇಳಲಿಲ್ಲ. ಬ್ಲೇಡು ಖಾಲಿಯಾಗಿದೆ ಎನ್ನುತ್ತಿದ್ದ. ಊಟಕ್ಕೆ ಹೊರಟಿದ್ದೀನಿ ಎನ್ನುತ್ತಿದ್ದ. ಆಮೇಲೆ ಬನ್ನಿ ಎನ್ನುತ್ತಿದ್ದ. ಅವರು ಅರ್ಥ ಮಾಡಿಕೊಂಡು ಬೂದಿಗೆರೆಗೋ ದೇವನಹಳ್ಳಿಗೋ ಹೋಗತೊಡಗಿದರು. ವರ್ಷಗಳು ಉರುಳಿದ ಮೇಲೆ, ಅವರೇ ಬರೋದಿಲ್ಲ, ನಾನೇನು ಮಾಡಲಿ ಎಂದು ತನಗೆ ತಾನೇ ಹೇಳಿಕೊಳ್ಳುವುದು ಅವನಿಗೆ ರೂಢಿಯಾಯಿತು. ಹೇಳಿಕೊಂಡು ಹೇಳಿಕೊಂಡು ಅದನ್ನೇ ನಂಬಿದ.

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಇಳಿದವನು ಕಾಂತರಾಜು. ಕೊಂಡಪ್ಪನೂ ಅವನೂ ಊರಿನ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಕಾಂತರಾಜು ಏರ್‌ಪೋರ್ಟಿನ ಹತ್ತಿರದ ಸರಕು ಗೋಡೌನಿನಲ್ಲಿ ಸೂಪರ್‌ವೈಸರ್. ಅವನು ಆಟೋದೊಳಗಿಂದ ತನ್ನ ಅಪ್ಪ ಸೊಣ್ಣಪ್ಪನನ್ನು ಮೆಲ್ಲಗೆ ಇಳಿಸಿದ. ಮುದುಕನಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆಗೆ ಎಳೆದಿತ್ತು. ಮೊದಲೆಲ್ಲ ಸೈಕಲ್ ತುಳಿದುಕೊಂಡು ಬೂದಿಗೆರೆಗೆ ಹೋಗಿ ಗಡ್ಡ ಮಾಡಿಸಿಕೊಂಡು ಬರುತ್ತಿದ್ದವನು. ಈಗ ಬಿಳಿ ಗಡ್ಡ ಕುತ್ತಿಗೆಯವರೆಗೂ ಬೆಳೆದಿತ್ತು.

"ಮಗಳು ದಿವ್ಯಾದು ನಾಳೆ ನಿಶ್ಚಿತಾರ್ಥ ಕಣೋ," ಎಂದ ಕಾಂತರಾಜು ಬಾಗಿಲಲ್ಲೇ ನಿಂತು. "ಅಪ್ಪಂಗೆ ದೂರ ಕೂತ್ಕೊಂಡು ಹೋಗಕ್ಕಾಗಲ್ಲ. ಗಡ್ಡ ಒಂದು ತೆಗೆದುಬಿಡು ಸಾಕು."

ಅಂಗಡಿಯಲ್ಲಿ ಕುರ್ಚಿಯ ಮೇಲೆ ಒಬ್ಬ ಗಿರಾಕಿ ಇದ್ದ. ಬೆಂಚಿನ ಮೇಲೆ ಅಪ್ಪಯ್ಯಣ್ಣ ಪೇಪರ್ ಓದುತ್ತ ಕೂತಿದ್ದ. ಅವನು ತಲೆ ಎತ್ತಲಿಲ್ಲ. ಕೊಂಡಪ್ಪನ ಕೈಯಲ್ಲಿ ಟ್ರಿಮ್ಮರ್ ಗುಂಯ್‌ಗುಡುತ್ತಿತ್ತು. ಅವನು ಅದನ್ನು ಆರಿಸಿದ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದು ಬಂತು.

"ಕರೆಂಟಿಲ್ಲ ಕಣೋ ಕಾಂತ."

ಹೇಳಿದ ಮೇಲೆ ಅವನಿಗೆ ತಲೆಯ ಮೇಲಿನ ಫ್ಯಾನಿನ ಸದ್ದು ಕೇಳಿಸಿತು. ಕನ್ನಡಿಯ ಮೇಲಿನ ಟ್ಯೂಬ್‌ಲೈಟು ಬೆಳ್ಳಗೆ ಉರಿಯುತ್ತಿತ್ತು. ಗಡ್ಡ ತೆಗೆಯಲು ಕರೆಂಟು ಬೇಕೂ ಆಗಿರಲಿಲ್ಲ.

ಕಾಂತರಾಜು ಏನೋ ಹೇಳುವವನಿದ್ದ. ಅಷ್ಟರಲ್ಲಿ ಸೊಣ್ಣಪ್ಪ ತಿರುಗುತ್ತಿದ್ದ ಫ್ಯಾನನ್ನು ಒಮ್ಮೆ ನೋಡಿ, ಕೊಂಡಪ್ಪನನ್ನು ನೋಡಿ, ಎಳೆದ ಬಾಯಲ್ಲಿ ನಿಧಾನವಾಗಿ ಹೇಳಿದ. "ಹೂಂ ಕಣ್ಲಾ, ಕರೆಂಟು ಹೋಗೈತೆ. ಪಾಪ, ಅವನೇನು ಮಾಡ್ತಾನೆ. ನಡಿ."

ಆಟೋ ಹೊರಟುಹೋಯಿತು. ಅಪ್ಪಯ್ಯಣ್ಣ ಪೇಪರಿನ ಹಾಳೆ ಮಗುಚಿದ. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ವಾಸಿಯಿತ್ತು ಎಂದು ಕೊಂಡಪ್ಪನಿಗೆ ಅನ್ನಿಸಿತು. ಸುಳ್ಳು ಹೇಳಿದ್ದು ತಾನು, ಆ ಸುಳ್ಳನ್ನು ಮುಚ್ಚಿದ್ದು ನಾಲಿಗೆ ಸರಿಯಾಗಿ ತಿರುಗದ ಆ ಮುದುಕ. ಟ್ರಿಮ್ಮರ್ ಮತ್ತೆ ಹಾಕಲು ಹೋದರೆ ಕೈಯೇ ಬರಲಿಲ್ಲ. ಕುರ್ಚಿಯಲ್ಲಿದ್ದವನು "ಯಾಕಪ್ಪಾ, ಹುಷಾರಿಲ್ವಾ?" ಎಂದು ಕೇಳಿದ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ತಟ್ಟೆಯ ಮುಂದೆ ಸುಮ್ಮನೆ ಕೂತ. ಹೆಂಡತಿ ಲಕ್ಷ್ಮೀದೇವಮ್ಮ ಬಿಡದೆ ಕೇಳಿದ್ದಕ್ಕೆ ನಡೆದದ್ದನ್ನು ಹೇಳಿದ. ಅವಳು ಮುದ್ದೆ ಬಡಿಸುತ್ತಿದ್ದ ಕೈ ನಿಲ್ಲಿಸಿ, "ಫ್ಯಾನಾದ್ರೂ ಆಫ್ ಮಾಡ್ಬಿಟ್ಟು ಹೇಳ್ಬಾರ್ದಿತ್ತಾ," ಎಂದಳು. ಬೈದಳೋ ಮರುಗಿದಳೋ ಅವನಿಗೆ ತಿಳಿಯಲಿಲ್ಲ. ಉಣ್ಣಲಾಗದೆ ಎದ್ದ.

ಸಂಜೆ ಅವನು ಬೇಗ ಬಾಗಿಲು ಹಾಕಿ, ಕತ್ತಿ, ಬ್ರಷ್ಷು, ಟವಲು ಎಲ್ಲವನ್ನೂ ಒಂದು ಬ್ಯಾಗಿಗೆ ತುಂಬಿಕೊಂಡು ಕೆರೆ ಏರಿಯ ಮೇಲೆ ನಡೆದ. ರಸ್ತೆಯಲ್ಲಿ ಹೋದರೆ ಯಾರಾದರೂ ನೋಡುತ್ತಾರೆಂದು ಏರಿ ಹಿಡಿದಿದ್ದ. ತಾನು ಕದ್ದು ಹೋಗುತ್ತಿದ್ದೇನೆಂದು ಅರ್ಧ ದಾರಿಯಲ್ಲಿ ಅವನಿಗೇ ಹೊಳೆಯಿತು. ಆದರೂ ಹೋದ.

ಕಾಂತರಾಜುವಿನ ಮನೆಗೆ ಹೊಸದಾಗಿ ಸುಣ್ಣಬಣ್ಣ ಆಗಿತ್ತು. ಅಂಗಳದಲ್ಲಿ ಶಾಮಿಯಾನದ ಕಂಬ ನೆಡುತ್ತಿದ್ದರು. ಪಡಸಾಲೆಯಲ್ಲಿ ಸೊಣ್ಣಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ನಾಳೆ ನಿಶ್ಚಯವಾಗಬೇಕಾದ ಹುಡುಗಿ ದಿವ್ಯಾ ಮೊಣಕಾಲೂರಿ, ಮೆಹಂದಿ ಹಚ್ಚಿದ ಕೈಯಲ್ಲಿ ರೇಜರ್ ಹಿಡಿದು ತಾತನ ಗಡ್ಡ ಹೆರೆಯುತ್ತಿದ್ದಳು. ಗಲ್ಲದ ಮೇಲೆ ಒಂದೆರಡು ಕಡೆ ಗೀರಿ ರಕ್ತ ಒಸರಿತ್ತು. ಸೊಣ್ಣಪ್ಪ ಕಣ್ಣು ಮುಚ್ಚಿಕೊಂಡು ಸುಖವಾಗಿದ್ದ.

ಕಾಂತರಾಜು ಎದ್ದು ಹೊರಗೆ ಬಂದ. ಅವನ ಕಣ್ಣು ಬ್ಯಾಗಿನ ಮೇಲೆ ಬಿತ್ತು.

"ಏನಕ್ಕೆ ಬಂದೆ?"

"ಅಪ್ಪಂಗೆ ನಾನು ಮಾಡ್ತೀನಿ ಕಣೋ. ದುಡ್ಡು ಗಿಡ್ಡು ಏನೂ ಬೇಡ."

"ಮನೇಲಿ ಮಾಡಕ್ಕೆ ನನ್ ಮಗಳಿದ್ದಾಳೆ. ನಾವೇನು ಗಡ್ಡ ತೆಗೆಯೋಕೆ ಗತಿಯಿಲ್ದೆ ಬಂದಿದ್ವಾ ನಿನ್ನತ್ರ?" ಕಾಂತರಾಜುವಿನ ದನಿ ಏರಲಿಲ್ಲ. "ಕತ್ತಲಾಗೋ ಹೊತ್ತಿಗೆ ಏರಿ ಮೇಲೆ ಬಂದಿದ್ದೀಯ. ಮಾಡೋದಾದ್ರೆ ಅಂಗಡೀಲಿ ಮಾಡು, ಕುರ್ಚಿ ಮೇಲೆ ಕೂರ್ಸಿ ಮಾಡು. ಇಲ್ಲಾಂದ್ರೆ ಬೇಡ. ಮನೇಲಿ ಶುಭಕಾರ್ಯ ಐತೆ, ನಿನ್ನತ್ರ ಜಗಳ ಆಡಕ್ಕೆ ನಂಗಿಷ್ಟ ಇಲ್ಲ."

ಒಳಗಿಂದ ಸೊಣ್ಣಪ್ಪ, "ಯಾರ್ಲಾ ಅದು?" ಎಂದ. ಕಾಂತರಾಜು, "ಯಾರೂ ಇಲ್ಲಪ್ಪ," ಎಂದ. ಕೊಂಡಪ್ಪ ಬ್ಯಾಗು ಹಿಡಿದು ಬಂದ ದಾರಿಯಲ್ಲೇ ಹಿಂತಿರುಗಿದ.

ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ತಾಲ್ಲೂಕಿನ ಕ್ಷೌರಿಕರ ಸಂಘದ ಸಭೆ ದೇವನಹಳ್ಳಿಯಲ್ಲಿ ನಡೆಯುವುದೂ ಮಂಗಳವಾರವೇ. ಕೊಂಡಪ್ಪನ ಮಟ್ಟಿಗೆ ಸಂಘವೆಂದರೆ ಹೊಸ ವರ್ಷಕ್ಕೆ ಬರುವ ಕ್ಯಾಲೆಂಡರು, ಗೋಡೆಗೆ ಅಂಟಿಸುವ ದರಪಟ್ಟಿ. ಸಭೆಗೆ ಹೋದದ್ದು ಕಡಿಮೆ. ಆ ಮಂಗಳವಾರ ಹೋದ. ಏರ್‌ಪೋರ್ಟ್ ರಸ್ತೆಯಲ್ಲಿ ಸಾಲಾಗಿ ಬಂದ ಎಸಿ ಸಲೂನುಗಳು, ಏರುತ್ತಲೇ ಇರುವ ಮಳಿಗೆ ಬಾಡಿಗೆ, ಕತ್ತರಿ ಹಿಡಿಯಲು ಒಲ್ಲದೆ ಡೆಲಿವರಿ ಕೆಲಸಕ್ಕೆ ಓಡುವ ಹುಡುಗರು, ಹಗಲೆಲ್ಲ ನಿಂತು ಉಬ್ಬಿದ ಕಾಲಿನ ನರ, ಎಲ್ಲದರ ಮಾತೂ ಬಂತು. ಎಲ್ಲವೂ ಅವನದೇ ಕಷ್ಟ. ಆದರೆ ಅಂದು ಅವ್ಯಾವುವೂ ಕಿವಿಗೆ ಇಳಿಯಲಿಲ್ಲ. ಕೊನೆಗೆ ಎದ್ದು ನಿಂತು ಕೇಳಿದ. "ಮಳಿಗೆ ಮಾಲೀಕ ಏಕ್‌ದಂ ಖಾಲಿ ಮಾಡು ಅಂದ್ಬಿಟ್ರೆ ಸಂಘ ಏನು ಮಾಡುತ್ತೆ?"

ಅಧ್ಯಕ್ಷ ಆವಲಪ್ಪ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಇಟ್ಟವನು, ವಯಸ್ಸಾದವನು. "ಯಾಕೆ, ಬಾಡಿಗೆ ಬಾಕಿ ಐತಾ?" ಎಂದ.

"ಹೂಂ," ಎಂದುಬಿಟ್ಟ ಕೊಂಡಪ್ಪ. ಅಲ್ಲೂ ಸುಳ್ಳೇ ಬಂತು.

ಟೀ ಹೊತ್ತಿಗೆ ಆವಲಪ್ಪ ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದ. "ಬಾಡಿಗೆ ವಿಷಯ ಆಗಿದ್ರೆ ನೀನು ನನ್ ಮುಖ ನೋಡಿ ಕೇಳ್ತಿದ್ದೆ. ಏನು ಹೇಳು." ಕೊಂಡಪ್ಪ ಲೋಟದೊಳಗೆ ನೋಡುತ್ತ ಎಲ್ಲವನ್ನೂ ಹೇಳಿದ. ಏರಿಯ ಮೇಲೆ ಹೋದದ್ದನ್ನೂ ಬಿಡಲಿಲ್ಲ.

ಆವಲಪ್ಪ ತನ್ನ ಲೋಟ ಕೆಳಗಿಟ್ಟ. "ಇದು ಅಪರಾಧ ಕಣಪ್ಪಾ, ಗೊತ್ತಲ್ಲ?" ಎಂದ. "ಅವರು ಕಂಪ್ಲೇಂಟ್ ಕೊಟ್ರೆ ಕೋರ್ಟಲ್ಲಿ ನಿಲ್ಲೋನು ನೀನು. ಪೇಪರ್ ಓದ್ತಿದ್ದೋನಲ್ಲ. ಕೊಡದೆ ಇರೋದು ಅವರ ದೊಡ್ಡತನ. ಮಾಲೀಕ ಬೀಗದ ಕೈ ಕೊಡುವಾಗ ಅಂದಿದ್ದು ಒಂದು ಮಾತು, ಅದನ್ನ ಇಷ್ಟು ವರ್ಷ ನಡೆಸ್ಕೊಂಡು ಬಂದಿದ್ದು ನೀನು."

"ಅಂಗಡಿ ಹೋದ್ರೆ ನಂಗೆ ಬೇರೆ ಏನೂ ಬರಲ್ಲ ಅಣ್ಣ."

"ಅದಕ್ಕೇ ಸಂಘ ಇರೋದು. ಭಾನುವಾರ ನಾವು ಬರ್ತೀವಿ. ಜಾತಿ ಕೇಳದೆ ಎಲ್ಲರಿಗೂ ಕೆಲಸ, ಇದು ಸಂಘದ ತೀರ್ಮಾನ ಅಂತ ಬೋರ್ಡ್ ಹಾಕ್ತೀವಿ. ನಿಮ್ಮ ಮಾಲೀಕ ಏನಾದ್ರೂ ಕೇಳೋದಿದ್ರೆ ನನ್ನ ಕೇಳ್ಲಿ."

ಕೊಂಡಪ್ಪನ ಎದೆ ಹಗುರಾಯಿತು. ಬಸ್ಸಿನಲ್ಲಿ ಮರಳುವಾಗ ಮಾತ್ರ ಆ ಹಗುರವೇ ಚುಚ್ಚತೊಡಗಿತು. ನಾಳೆ ಯಾರಾದರೂ ಕೇಳಿದರೆ, ನಾನಲ್ಲ, ಸಂಘದವರು ಹೇಳಿದ್ದು ಎನ್ನಬಹುದು. ಇಷ್ಟು ದಿನ ಅಪ್ಪಯ್ಯಣ್ಣನ ಹಿಂದೆ ಅಡಗಿದ್ದೆ, ಇನ್ನು ಮೇಲೆ ಆವಲಪ್ಪನ ಹಿಂದೆ ಎಂದುಕೊಂಡ.

ಭಾನುವಾರ ಆವಲಪ್ಪ ಇಬ್ಬರನ್ನು ಕರೆದುಕೊಂಡು ಬಂದ. ಬೋರ್ಡು ಏರಿತು. ಊರಿನ ಗಿರಾಕಿಗಳು ದೂರದಿಂದಲೇ ಓದಿ ಹಾಗೇ ಮುಂದಕ್ಕೆ ಹೋದರು. ಸುದ್ದಿ ತಿಳಿದು ಬಂದ ಕಾಲೋನಿಯ ಕೆಲವರು ರಸ್ತೆಯಾಚೆಯ ಅರಳಿಕಟ್ಟೆಯ ಬಳಿ ನಿಂತಿದ್ದರು, ಕಾಂತರಾಜುವೂ ಇದ್ದ. ಆದರೆ ಯಾರೂ ಬರಲಿಲ್ಲ. ಬಿಸಿಲೇರಿತು. ಆವಲಪ್ಪ, "ನಾನು ಹೋಗಿ ಕರೀಲಾ?" ಎಂದ.

"ಬೇಡಣ್ಣ," ಎಂದ ಕೊಂಡಪ್ಪ. ಟವಲು ಹೆಗಲ ಮೇಲೆ ಹಾಕಿಕೊಂಡು ರಸ್ತೆ ದಾಟಿದ. ಡೇರಿಯ ಮುಂದೆ ನಿಂತವರೆಲ್ಲ ನೋಡುತ್ತಿದ್ದರು. ಅಪ್ಪಯ್ಯಣ್ಣನೂ ನೋಡುತ್ತಿದ್ದ. ಬೆನ್ನು ಸುಟ್ಟಂತಾಯಿತು.

"ಬಾರೋ ಕಾಂತ."

"ಬೋರ್ಡ್ ನೋಡಿದ್ವಿ," ಎಂದ ಕಾಂತರಾಜು. "ಬೋರ್ಡ್ ಹಾಕಿದ್ದು ಸಂಘದವರು. ನೀನೇನಂತೀಯ?"

"ಅವತ್ತು ಕರೆಂಟಿತ್ತು," ಎಂದ ಕೊಂಡಪ್ಪ. ಅಷ್ಟು ಜನರ ಮುಂದೆ ತಲೆ ಬಗ್ಗಿಸಿ ನಿಂತ.

ಕಾಂತರಾಜು ಅವನನ್ನು ನೋಡುತ್ತ ನಿಂತು, ಆಮೇಲೆ ಚಪ್ಪಲಿ ಸರಿಮಾಡಿಕೊಂಡು ಅಂಗಡಿಯ ಕಡೆ ನಡೆದ. ಕುರ್ಚಿಯಲ್ಲಿ ಕೂತ. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. "ಸೈಡು ಸಣ್ಣ ಮಾಡು, ಮೇಲೆ ಹಂಗೇ ಬಿಡು," ಎಂದನಷ್ಟೇ. ಒಂದೇ ಬೆಂಚಿನಲ್ಲಿ ಕೂತವನ ತಲೆಯಲ್ಲಿ ನೆರೆಗೂದಲು ಇಷ್ಟಾಗಿದೆ ಎಂದು ಕೊಂಡಪ್ಪನಿಗೆ ಆಗಲೇ ಗೊತ್ತಾದದ್ದು. ಕೆಲಸ ಮುಗಿದ ಮೇಲೆ ಕಾಂತರಾಜು ದರಪಟ್ಟಿ ನೋಡಿ ಪೂರಾ ದುಡ್ಡು ಕೊಟ್ಟು ಹೊರಟ. ಅವನ ಹಿಂದೆ ಇನ್ನಿಬ್ಬರು ಬಂದು ಕೂತರು.

ಅಪ್ಪಯ್ಯಣ್ಣ ಜಗಳವಾಡಲಿಲ್ಲ. ಮುಂದಿನ ವಾರ ಬಂದು, ಮಗ ಮೊಬೈಲ್ ಅಂಗಡಿ ಇಡುತ್ತಾನಂತೆ, ಮಳಿಗೆ ಬೇಕು ಎಂದ. ಕಾರಣ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಎದುರಿಗೆ ನಿಂತು ಇಂಥ ಸುಳ್ಳು ಕೇಳಿಸಿಕೊಂಡರೆ ಹೇಗಿರುತ್ತದೆಂದು ಕೊಂಡಪ್ಪನಿಗೆ ತಿಳಿಯಿತು. ಆವಲಪ್ಪ ಬಂದು ಮಾತಾಡಿ ಅಡ್ವಾನ್ಸು ವಾಪಸ್ಸು ಕೊಡಿಸಿದ. ಬೂದಿಗೆರೆ ರಸ್ತೆಯ ಕ್ರಾಸಿನಲ್ಲಿ ಸಂಘದವರೇ ಒಂದು ಮಳಿಗೆ ಹುಡುಕಿದರು. ಸಾಮಾನು ಸಾಗಿಸಿದ ದಿನ ಮೂರ್ನಾಲ್ಕು ಅಂಗಡಿಯವರು ತಮ್ಮ ಬಾಗಿಲು ಹಾಕಿ ಬಂದು ಕನ್ನಡಿ ಹೊತ್ತರು. ಊರಿನ ಹಳೇ ಗಿರಾಕಿಗಳಲ್ಲಿ ಕೆಲವರು ಬಿಟ್ಟರು, ಕೆಲವರು ಕ್ರಾಸಿಗೇ ಬರತೊಡಗಿದರು. ಲೇಔಟಿನವರಿಗೆ ಇದ್ಯಾವುದೂ ಗೊತ್ತೇ ಇಲ್ಲ.

ಸೊಣ್ಣಪ್ಪ ಮಾತ್ರ ಬರಲಿಲ್ಲ. ಒಮ್ಮೆ ಆಸ್ಪತ್ರೆಗೆ ಹೋಗುವ ಆಟೋ ಕ್ರಾಸಿನಲ್ಲಿ ನಿಂತಾಗ ಕೊಂಡಪ್ಪ ಓಡಿಹೋಗಿ ಬಗ್ಗಿದ. ಚಿಕ್ಕಂದಿನಿಂದ ಆ ಹಿರಿಯನನ್ನು ಬರೀ ಹೆಸರು ಹಿಡಿದೇ ಕರೆದವನು ಅಂದು, "ಸೊಣ್ಣಪ್ಪಣ್ಣ, ಒಳಗೆ ಬನ್ನಿ, ಗಡ್ಡ ತೆಗೀತೀನಿ," ಎಂದ.

ಮುದುಕ ಬಲಗೈಯಿಂದ ತನ್ನ ಕೆನ್ನೆ ಸವರಿಕೊಂಡ. "ಬೇಡ ಕಣಪ್ಪ. ಮೊಮ್ಮಗಳ ಕೈಗೇ ಒಗ್ಗೋಗೈತೆ," ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. "ನಿನ್ ಅಂಗಡಿ ಚೆನ್ನಾಗಿ ನಡೀತೈತಾ?"

"ನಡೀತೈತೆ," ಎಂದ ಕೊಂಡಪ್ಪ. ಆಟೋ ಮುಂದಕ್ಕೆ ಹೋಯಿತು. ಒಳಗೆ ಗಿರಾಕಿ ಕಾಯುತ್ತಿದ್ದ. ಕೊಂಡಪ್ಪ ಇನ್ನೂ ಸ್ವಲ್ಪ ಹೊತ್ತು ರಸ್ತೆಯ ಬದಿಯಲ್ಲೇ ನಿಂತಿದ್ದ.